ಹೊಗೆಯ ಜಾಡು ಹಿಡಿಯುವ ಉಪಗ್ರಹ

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು. ತರ್ಕಶಾಸ್ತ್ರದ ಪಂಡಿತರು ತಲೆಮಾರುಗಳಿಂದ ಕೊಡುತ್ತ ಬಂದ ಉದಾಹರಣೆ ಇದು. ಧಾರವಾಡ ಜಿಲ್ಲೆಯ ಶಲವಡಿಯಂಥ ಎರೆನೆಲದ ಊರುಗಳಲ್ಲಿ ಕಾಡಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಹತ್ತಿಕಟ್ಟಿಗೆಗೆ, ಹೊಲದ ಕಸಕ್ಕೆ ಹಚ್ಚಿದ ಬೆಂಕಿಯ ಹೊಗೆ ಬಯಲಿನಲ್ಲಿ ಬಹುದೂರಕ್ಕೆ ಕಾಣುತ್ತದೆ. ಅದು ಬಾಗಿದ ಕಡೆ ನೋಡಿ ಗಾಳಿಯ ದಿಕ್ಕು ಹೇಳಬಹುದು. ಇದೇ ಕೆಲಸವನ್ನು ಇಂದು ಕೃತಕ ಉಪಗ್ರಹಗಳು ಕಾಡಿನ ಬೆಂಕಿಯ ವಿಷಯದಲ್ಲಿ ಮಾಡುತ್ತಿವೆ.

ಮೇಲಿನಿಂದ ನೋಡಿದಾಗ ಮೋಡವೂ ಬೆಳ್ಳಗೆ, ಹೊಗೆಯೂ ಬೆಳ್ಳಗೆ. ಬೇರೆ ಮಾಡುವುದು ಹೇಗೆ? ಹೊಗೆಯ ಕಣಗಳು ಬಹುಮಟ್ಟಿಗೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಮೋಡದ ಹನಿಗಳು ಅವಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಆದ್ದರಿಂದ ಕೆಲವು ಅವಕೆಂಪು ಕಿರಣಗಳು ತೆಳು ಹೊಗೆಯನ್ನು ದಾಟಿ ಹೋಗುತ್ತವೆ, ಮೋಡವನ್ನು ದಾಟಲಾರವು. ಬಣ್ಣದ ಚಿತ್ರದಲ್ಲಿ ಕಂಡು, ಅವಕೆಂಪು ಚಿತ್ರದಲ್ಲಿ ಮಾಯವಾದದ್ದು ಹೊಗೆ. ಬೆಂಕಿಯನ್ನು ಅದರ ಶಾಖವೇ ತೋರಿಸಿಕೊಡುತ್ತದೆ.

ಉಪಗ್ರಹಗಳಲ್ಲಿ ಎರಡು ಬಗೆ. ಸುಮಾರು 36,000 ಕಿ.ಮೀ. ಎತ್ತರದ ಇನ್ಸಾಟ್ ಉಪಗ್ರಹಗಳು ಒಂದೇ ಕಡೆ ನಿಂತಂತಿದ್ದು ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುತ್ತವೆ. ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ದಟ್ಟ ಹೊಗೆ ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗಿದೆಯೆಂಬುದು ತಿಳಿಯುತ್ತದೆ. ಆದರೆ ಸೂಕ್ಷ್ಮ ವಿವರ ಸಿಗದು. ಕೆಳಗೆ ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳು ವಿವರ ಕೊಡುತ್ತವೆ, ಆದರೆ ದಿನಕ್ಕೆ ಕೆಲವೇ ಸಲ ಹಾಯುತ್ತವೆ. ಇವುಗಳಲ್ಲಿನ ವಿಐಐಆರ್‌ಎಸ್ ಉಪಕರಣ 375 ಮೀಟರ್ ಚೌಕದ ಲೆಕ್ಕದಲ್ಲಿ ಬೆಂಕಿಯ ಚುಕ್ಕೆ ಗುರುತಿಸುತ್ತದೆ.

ಚುಕ್ಕೆ ಹತ್ತಿಕಟ್ಟಿಗೆಯದೋ ಕಾಡಿನದೋ ಉಪಗ್ರಹಕ್ಕೆ ಗೊತ್ತಿಲ್ಲ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಚುಕ್ಕೆಗಳನ್ನು ಅರಣ್ಯದ ನಕ್ಷೆಯ ಮೇಲಿಟ್ಟು ನೋಡುತ್ತದೆ. ಶಲವಡಿಯ ಹೊಲದ ಚುಕ್ಕೆ ಬಿಟ್ಟುಹೋಗುತ್ತದೆ; ಕಲಘಟಗಿಯ ಕಾಡಿನದಾದರೆ ಅರಣ್ಯ ಇಲಾಖೆಗೆ ಸಂದೇಶ ಹೋಗುತ್ತದೆ. 2004ರಿಂದ ಈ ವ್ಯವಸ್ಥೆಯಿದೆ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟದ್ದನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿತು. ಹಸಿರೆಲೆ ಅವಕೆಂಪು ಕಿರಣವನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಸುಟ್ಟ ನೆಲ ಪ್ರತಿಫಲಿಸುವುದಿಲ್ಲ. ಆ ವ್ಯತ್ಯಾಸವೇ ಅಳತೆಗೋಲು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು.

ಈ ವಿದ್ಯೆಗೆ ಮಿತಿಗಳೂ ಇವೆ. ಮೋಡ ಮುಚ್ಚಿದರೆ ಬೆಂಕಿ ಕಾಣದು. ಎರಡು ಸುತ್ತಿನ ನಡುವೆ ಹೊತ್ತಿ ಆರಿದ್ದು ಲೆಕ್ಕಕ್ಕೆ ಬಾರದು. ಮುಖ್ಯವಾಗಿ, ಸಾಮಾನ್ಯ ಚಿತ್ರ ಹೊಗೆಯ ಹರವನ್ನು ತೋರಿಸುತ್ತದೆಯೇ ಹೊರತು ಎತ್ತರವನ್ನಲ್ಲ. ಎರಡು ಕಿ.ಮೀ. ಮೇಲಿನ ಹೊಗೆ ಊರನ್ನು ದಾಟಿ ಹೋಗಬಹುದು. ನೆಲಕ್ಕಿಳಿದದ್ದು ಎಳೆಮಕ್ಕಳ, ಉಬ್ಬಸದವರ ಎದೆಗೆ ಇಳಿಯುತ್ತದೆ. 2023ರ ಜೂನ್‌ನಲ್ಲಿ ಕೆನಡಾದ ಕಾಡುಗಳ ಹೊಗೆ ನೂರಾರು ಮೈಲಿ ಸಾಗಿ ನ್ಯೂಯಾರ್ಕ್ ನಗರದಲ್ಲಿ ಇಳಿದಾಗ ಜನ ಮನೆಯೊಳಗೇ ಉಳಿಯಬೇಕಾಯಿತು. ಆದ್ದರಿಂದ ನೆಲದ ಮೇಲಿನ ವಾಯುಮಾಪನ ಕೇಂದ್ರಗಳು ಬೇಕೇ ಬೇಕು.

ಉಪಗ್ರಹ ಬೆಂಕಿಯನ್ನು ತೋರಿಸೀತು, ಆರಿಸಲಾರದು. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಸೊಪ್ಪಿನ ಟೊಂಗೆ ಹಿಡಿದು ಉರಿಯ ಮುಂದೆ ನಿಲ್ಲುವವರಿಗೆ ಗಾಳಿ ತಿರುಗುವ ಸುದ್ದಿ ಮೊದಲೇ ಸಿಗಬೇಕು. ಆಕಾಶದ ಚಿತ್ರ ಹೊತ್ತಿಗೆ ಸರಿಯಾಗಿ ಅವರ ಕೈ ಸೇರಿದರೆ ಮಾತ್ರ ಅದರ ಪ್ರಯೋಜನ.