ನೈಜೀರಿಯಾದವರ ಭಾಷೆ ಯಾವುದೆಂದು ಆಸ್ಕರ್‌ನವರು ಹೇಳಬೇಕೆ?

ಜೆನೆವೀವ್ ನ್ನಾಜಿ ಎಂಬ ಹೆಸರು ನಮ್ಮ ಕಾಲೇಜಿನಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ. ನೈಜೀರಿಯಾದಲ್ಲಿ ಅದು ಮನೆಮಾತು. 2009ರಲ್ಲಿ ಅಮೆರಿಕದ ಓಪ್ರಾ ವಿನ್‌ಫ್ರೆ ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಈ ನಟಿಯನ್ನು ಆಫ್ರಿಕಾದ ಜೂಲಿಯಾ ರಾಬರ್ಟ್ಸ್ ಎಂದು ಪರಿಚಯಿಸಿದರು. ಹೊಗಳಿಕೆಯೇ ಇರಬಹುದು, ಆದರೆ ನನಗೆ ಆ ಹೋಲಿಕೆ ಹಿಡಿಸಲಿಲ್ಲ. ಒಬ್ಬರನ್ನು ಹೊಗಳುವುದಕ್ಕೂ ಅಮೆರಿಕದ ಅಳತೆಗೋಲೇ ಬೇಕೆ? ಹತ್ತು ವರ್ಷದ ನಂತರ ಅದೇ ಅಳತೆಗೋಲು ಅವರಿಗೆ ಅಡ್ಡ ಬಂತು.

ಜೆನೆವೀವ್ ಹುಟ್ಟಿದ್ದು 1979ರಲ್ಲಿ, ಬೆಳೆದದ್ದು ಲಾಗೋಸ್ ನಗರದಲ್ಲಿ. ಎಂಟು ಮಕ್ಕಳ ಮನೆ. ತಂದೆ ಇಂಜಿನಿಯರ್, ತಾಯಿ ಶಿಕ್ಷಕಿ. ಎಂಟನೇ ವಯಸ್ಸಿಗೇ 'ರಿಪಲ್ಸ್' ಎಂಬ ಟಿ.ವಿ. ಧಾರಾವಾಹಿಯಲ್ಲಿ ನಟಿಸಿದರು. 1998ರಲ್ಲಿ ಸಿನಿಮಾಕ್ಕೆ ಬಂದರು. 2005ರಲ್ಲಿ ಆಫ್ರಿಕಾ ಮೂವಿ ಅಕಾಡೆಮಿಯ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತು.

ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಪ್ರಶಸ್ತಿಗಿಂತ ಅಲ್ಲಿನ ವ್ಯಾಪಾರ ಕುತೂಹಲ ಹುಟ್ಟಿಸಿತು. ನಾಲಿವುಡ್ ಎಂದು ಕರೆಯುವ ನೈಜೀರಿಯಾದ ಚಿತ್ರೋದ್ಯಮ ಬೆಳೆದದ್ದು ದೊಡ್ಡ ಸ್ಟುಡಿಯೋಗಳಿಂದ ಅಲ್ಲ, ವಿಡಿಯೋ ಕ್ಯಾಸೆಟ್ ಮಾರುವ ಅಂಗಡಿಯವರಿಂದ. 1992ರ 'ಲಿವಿಂಗ್ ಇನ್ ಬಾಂಡೇಜ್' ಚಿತ್ರಕ್ಕೆ ಹಣ ಹಾಕಿದ ಕೆನೆತ್ ನೆಬ್ಯೂ ಒಬ್ಬ ಕ್ಯಾಸೆಟ್ ವ್ಯಾಪಾರಿ. ಬಂಡವಾಳ ಅವರದು, ಮಾರಾಟವೂ ಅವರದೇ. ನಟಿಯರ ಮುಖ ಕ್ಯಾಸೆಟ್‌ನ ಕವರ್ ಮೇಲೆ ಇರುತ್ತಿತ್ತು, ಲಾಭ ಅಂಗಡಿಯಲ್ಲಿ ಉಳಿಯುತ್ತಿತ್ತು. 2004ರ ಸುಮಾರಿಗೆ ಈ ವ್ಯಾಪಾರಿಗಳು ಹೆಚ್ಚು ಸಂಭಾವನೆ ಕೇಳುತ್ತಾರೆಂದು ಕೆಲವು ನಟನಟಿಯರನ್ನು ಒಟ್ಟಾಗಿ ಬಹಿಷ್ಕರಿಸಿದರು. ಅವರಲ್ಲಿ ಜೆನೆವೀವ್ ಕೂಡ ಒಬ್ಬರು. ನಾವು ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಲೆಕ್ಕ ಹಾಕುತ್ತೇವಲ್ಲ, ಇಲ್ಲಿ ಗುಡ್‌ವಿಲ್ ನಟಿಯದು, ಅದನ್ನು ಬರೆದುಕೊಂಡ ಲೆಡ್ಜರ್ ಮಾತ್ರ ಬೇರೆಯವರದು. ಮುಂದೆ ಅವರು ಸ್ವಂತ ನಿರ್ಮಾಣ ಸಂಸ್ಥೆ ಮಾಡಿಕೊಂಡು 2015ರಲ್ಲಿ 'ರೋಡ್ ಟು ಯೆಸ್ಟರ್‌ಡೇ' ಎಂಬ ಚಿತ್ರ ತೆಗೆದರು. ನಂತರ ತಾವೇ ನಿರ್ದೇಶಿಸಿದ್ದು 'ಲಯನ್‌ಹಾರ್ಟ್'. 2018ರಲ್ಲಿ ಅದು ಟೊರೊಂಟೊ ಚಿತ್ರೋತ್ಸವಕ್ಕೆ ಹೋಯಿತು, ನೆಟ್‌ಫ್ಲಿಕ್ಸ್ ಅದನ್ನು ಕೊಂಡುಕೊಂಡಿತು.

'ಲಯನ್‌ಹಾರ್ಟ್' ಒಂದು ಬಸ್ ಕಂಪನಿಯ ಕಥೆ. ಎನುಗು ಎಂಬ ಊರು. ಮಾಲೀಕರಿಗೆ ಹೃದಯಾಘಾತವಾಗುತ್ತದೆ. ಕಂಪನಿಯ ಎಲ್ಲಾ ಕೆಲಸ ಗೊತ್ತಿರುವ ಮಗಳು ಅಡೇಜೆ ಇದ್ದರೂ ತಂದೆ ಕುರ್ಚಿಯನ್ನು ತಮ್ಮ ಸಹೋದರನಿಗೆ ಕೊಡುತ್ತಾರೆ. (ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನ ಹುಡುಗಿಯರಿಗೆ ಸಬ್‌ಟೈಟಲ್ ಬೇಕಾಗಿಲ್ಲ.) ಆಮೇಲೆ ಗೊತ್ತಾಗುತ್ತದೆ, ಕಂಪನಿಯನ್ನು ಅಡವಿಟ್ಟು ತಂದೆ ದೊಡ್ಡ ಸಾಲ ಮಾಡಿದ್ದಾರೆ, ತೀರಿಸಲು ಉಳಿದಿರುವುದು ಕೆಲವೇ ದಿನ. ಕೊನೆಗೆ ದಾರಿ ಸಿಗುವುದು ದೂರದ ಉತ್ತರದ ಕಾನೋ ನಗರದ ಒಬ್ಬ ಮುಸ್ಲಿಂ ಉದ್ಯಮಿಯ ಕಂಪನಿಯೊಂದಿಗೆ ವಿಲೀನವಾಗುವುದರಲ್ಲಿ. ಇಗ್ಬೊ ಕ್ರಿಶ್ಚಿಯನ್ ಹುಡುಗಿ ಆ ಹಿರಿಯರ ಜೊತೆ ಅವರ ಹೌಸಾ ಭಾಷೆಯಲ್ಲೇ ಮಾತಾಡುತ್ತಾಳೆ. ಆ ಎರಡು ಪ್ರದೇಶಗಳ ನಡುವೆ 1967ರಿಂದ 1970ರವರೆಗೆ ನಡೆದ ಅಂತರ್ಯುದ್ಧ ನೆನಪಿದ್ದವರಿಗೆ ಆ ದೃಶ್ಯ ಚಿಕ್ಕದಲ್ಲ.

2019ರಲ್ಲಿ ನೈಜೀರಿಯಾ ಮೊದಲ ಸಲ ಆಸ್ಕರ್‌ಗೆ ಚಿತ್ರ ಕಳಿಸಿತು, ಅದು ಇದೇ ಚಿತ್ರ. ನವೆಂಬರ್‌ನಲ್ಲಿ ಅಕಾಡೆಮಿ ಅದನ್ನು ಅನರ್ಹಗೊಳಿಸಿತು. ಕಾರಣ, 95 ನಿಮಿಷದ ಚಿತ್ರದಲ್ಲಿ ಇಗ್ಬೊ ಮಾತು ಸುಮಾರು 11 ನಿಮಿಷ ಮಾತ್ರ, ಉಳಿದದ್ದು ಹೆಚ್ಚಾಗಿ ಇಂಗ್ಲಿಷ್. ಆ ವಿಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭಾಷಣೆ ಇಂಗ್ಲಿಷೇತರ ಆಗಿರಬೇಕು. ವಿಚಿತ್ರವೆಂದರೆ ಅದೇ ವರ್ಷ ಆ ವಿಭಾಗಕ್ಕಿದ್ದ 'ವಿದೇಶಿ ಭಾಷಾ ಚಿತ್ರ' ಎಂಬ ಹೆಸರನ್ನು 'ಅಂತರರಾಷ್ಟ್ರೀಯ ಚಿತ್ರ' ಎಂದು ಬದಲಿಸಿದ್ದರು. ಬೋರ್ಡ್ ಬದಲಾಯಿತು, ಒಳಗಿನ ನಿಯಮ ಹಾಗೆಯೇ ಉಳಿಯಿತು.

ನಿಯಮ ಮೊದಲೇ ಬರೆದಿತ್ತು, ಕಳಿಸಿದವರು ಓದಿಕೊಳ್ಳಬೇಕಿತ್ತು ಎಂದು ಹೇಳುವವರಿದ್ದಾರೆ. ಅದು ಸರಿ. ಇಂಗ್ಲಿಷ್‌ಗೆ ಬಾಗಿಲು ತೆರೆದರೆ ಬ್ರಿಟನ್, ಆಸ್ಟ್ರೇಲಿಯಾದ ದೊಡ್ಡ ಚಿತ್ರಗಳು ನುಗ್ಗಿ ಸಣ್ಣ ಭಾಷೆಗಳಿಗೆ ಜಾಗ ಇರುವುದಿಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಆದರೂ ನಾನು ಜೆನೆವೀವ್ ಪರ. ಅವರ ವಾದ ಇಷ್ಟು: 500ಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಇಂಗ್ಲಿಷ್ ಎಲ್ಲರನ್ನೂ ಜೋಡಿಸುವ ಸೇತುವೆ, ಮತ್ತು ಯಾರು ತಮ್ಮನ್ನು ಆಳಬೇಕೆಂದು ನೈಜೀರಿಯನ್ನರು ಆರಿಸಿಕೊಂಡಿರಲಿಲ್ಲ. ಫ್ರೆಂಚರು ಆಳಿದ ಸೆನೆಗಲ್ ಫ್ರೆಂಚ್ ಮಾತಿನ ಚಿತ್ರ ಕಳಿಸಿದರೆ ತಡೆ ಇಲ್ಲ. ಬ್ರಿಟಿಷರು ಆಳಿದವರಿಗೆ ಮಾತ್ರ ತಡೆ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಎನುಗುವಿನ ಕಂಪನಿಯಲ್ಲಿ ಸಭೆ ಇಂಗ್ಲಿಷ್‌ನಲ್ಲಿ, ಮನೆಯ ಮಾತು ಇಗ್ಬೊದಲ್ಲಿ, ಕಾನೋದ ಅತಿಥಿಯೊಡನೆ ಹೌಸಾ. ಇದು ನಟನೆಯಲ್ಲ, ಬದುಕು. ನಮ್ಮ ಮನೆಯಲ್ಲೂ ಅಬ್ಬಾ ಗಿರಾಕಿಯ ಜೊತೆ ಕನ್ನಡ, ನಮ್ಮ ಜೊತೆ ಉರ್ದು ಮಾತಾಡುತ್ತಾರೆ. ಬಿಲ್ ಬರೆಯುವುದು ಇಂಗ್ಲಿಷ್‌ನಲ್ಲಿ. ಯಾರಾದರೂ ನಿಮಿಷ ಎಣಿಸಿ, ಉರ್ದು ಇಷ್ಟೇ ಆಯಿತು, ಆದ್ದರಿಂದ ನೀವು ಉರ್ದುವಿನವರಲ್ಲ ಎಂದರೆ ಹೇಗೆ? ಕನ್ನಡ ಪೂರ್ತಿ ಇಲ್ಲ, ಆದ್ದರಿಂದ ಕನ್ನಡದವರಲ್ಲ ಎಂದರೆ? ಅರ್ಜಿ ಫಾರಂನಲ್ಲಿ ಮಾತೃಭಾಷೆಗೆ ಇರುವುದು ಒಂದೇ ಕಾಲಂ. ಅದು ಫಾರಂನ ಅನುಕೂಲಕ್ಕೆ.

ಮರುವರ್ಷ ನೈಜೀರಿಯಾ ಕಳಿಸಿದ್ದು 'ದ ಮಿಲ್ಕ್‌ಮೇಡ್' ಎಂಬ ಚಿತ್ರ. ಅದರ ಮಾತು ಹೌಸಾ, ಫುಲ್ಫುಲ್ಡೆ ಮತ್ತು ಅರಬ್ಬಿ. ಅದನ್ನು ಅಕಾಡೆಮಿ ಸ್ಪರ್ಧೆಗೆ ಸೇರಿಸಿಕೊಂಡಿತು. ಅದೇ ದೇಶ, ಅದೇ ಜನ, ಕೇವಲ ಒಂದು ವರ್ಷದ ಅಂತರ.