ರಿವಾಲ್ವರ್ ನಿವೇಶನವಲ್ಲ

ಬಂದೂಕಿನ ಬೆಲೆ ಏರುತ್ತಿದೆ, ಹೊಸ ರಿವಾಲ್ವರ್ ಈಗಲೇ ಕೊಂಡಿಡಿ, ರಕ್ಷಣೆಗೂ ಆಯಿತು ಆಸ್ತಿಗೂ ಆಯಿತು ಎಂಬ ಲೇಖನ ಓದಿದೆ. ಶೆಟ್ಟಿಹಳ್ಳಿಯಲ್ಲಿ ನಾವು ಸೈಟು ಕೊಳ್ಳುವಾಗ ಹಾಕುವ ಲೆಕ್ಕವನ್ನೇ ಲೇಖಕರು ಆಯುಧಕ್ಕೂ ಹಾಕಿದ್ದಾರೆ.

ಏರಿದ್ದೇನು? 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಹೋಯಿತು. ಲಕ್ಷ ರೂಪಾಯಿಯ ಮಾಲಿಗೆ ತೆರಿಗೆಯೇ 12 ಸಾವಿರ ಹೆಚ್ಚು. ಆ ದುಡ್ಡು ಖಜಾನೆ ಸೇರಿತು. ಉಕ್ಕಿನ ಗುಣವೇನೂ ಹೆಚ್ಚಲಿಲ್ಲ. ಹಳೆಯ ವಿಲಾಯತಿ ವೆಬ್ಲಿ ರಿವಾಲ್ವರಿಗೆ ಲಕ್ಷಗಟ್ಟಲೆ ಬೆಲೆಯಿದೆ, ನಿಜ. ಅದಕ್ಕೆ ಕಾರಣ 1980ರ ದಶಕದಲ್ಲಿ ಖಾಸಗಿಯವರಿಗೆ ಆಮದು ನಿಂತದ್ದು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಇಂದಿಗೂ ತಯಾರಾಗುವ .32 ರಿವಾಲ್ವರಿಗೆ ಆ ಅಭಾವದ ಬೆಲೆ ಎಲ್ಲಿಂದ ಬರಬೇಕು?

ಇನ್ನು ಮಾರಾಟ. ಲೈಸೆನ್ಸ್ ಇದ್ದವರಿಗೇ ಮಾರಬೇಕು, ಅದಕ್ಕೂ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಶೂಟಿಂಗ್ ಕ್ರೀಡಾಪಟುಗಳನ್ನು ಬಿಟ್ಟರೆ, ಒಬ್ಬರಿಗೆ ಎರಡೇ ಬಂದೂಕು. ಕೊಳ್ಳುವವರೇ ಕಡಿಮೆಯಿರುವ ಸಂತೆಯಲ್ಲಿ ಲಾಭದ ಮಾತು!

ಕೊಡಗಿನ ಕೋವಿಯನ್ನು ಲೇಖಕರು ಈ ವಾದಕ್ಕೆ ಎಳೆದು ತಂದದ್ದು ಅತಿಯಾಯಿತು. ಕೈಲ್‌ಪೋಳ್ದ್‌ ಹಬ್ಬದಲ್ಲಿ ಪೂಜೆಗೊಳ್ಳುವ ಮನೆತನದ ಕೋವಿಗೆ ದರಪಟ್ಟಿಯ ಹಂಗಿಲ್ಲ.

ರಕ್ಷಣೆಯೋ? ಚುನಾವಣೆ ಘೋಷಣೆಯಾದರೆ, ವಿನಾಯಿತಿ ಸಿಕ್ಕವರನ್ನು ಬಿಟ್ಟು ಉಳಿದವರು ಆಯುಧವನ್ನು ಠಾಣೆಗೋ ಅಧಿಕೃತ ಅಂಗಡಿಗೋ ಒಪ್ಪಿಸಿ ರಸೀದಿ ತರುತ್ತಾರೆ. ಆ ವಾರಗಳಲ್ಲಿ ಕಳ್ಳರಿಗೂ ನೀತಿಸಂಹಿತೆ ಅನ್ವಯಿಸುತ್ತದೆಯೇ?