ಕಾರ್ಡಿನ ನಿಯಮ ಕನ್ನಡದಲ್ಲೂ ಬರಲಿ

ಮಧ್ಯಾಹ್ನದ ಊಟ ಮುಗಿದ ಮೇಲೆ ನಮ್ಮಲ್ಲಿ ಪೋಕ್ಮನ್ ಕಾರ್ಡ್ ಆಡುವವರ ಸಂಖ್ಯೆ ಹೆಚ್ಚುತ್ತಿದೆ. ಅದರ ಜೊತೆ ಜಗಳವೂ ಹೆಚ್ಚುತ್ತಿದೆ. ಜಗಳಕ್ಕೆ ಕಾರಣ ಸೋಲಲ್ಲ, ಕಾರ್ಡಿನಲ್ಲಿ ಬರೆದ ಮಾತಿನ ಅರ್ಥ. ಕಾರ್ಡೆಲ್ಲ ಇಂಗ್ಲಿಷಿನಲ್ಲಿದೆ. ಹಾಗಾಗಿ ಇಂಗ್ಲಿಷ್ ಬೇಗ ಓದುವವನು ಹೇಳಿದ್ದೇ ನಿಯಮ. ಕನ್ನಡ ಮಾಧ್ಯಮದಿಂದ ಬಂದ ಪ್ರಥಮ ಪಿಯುಸಿಯ ಹುಡುಗ ಎರಡು ದಿನ ಸುಮ್ಮನೆ ಸೋತು, ಮೂರನೇ ದಿನ ಬರುವುದನ್ನೇ ಬಿಡುತ್ತಾನೆ. ಇದು ಸರಿಯಲ್ಲ.

ಒಂದು ಉದಾಹರಣೆ ನೋಡಿ. ಫೈರ್‌ಗೆ ದುರ್ಬಲವಾದ ಎದುರಾಳಿ ಪೋಕ್ಮನ್ ಮೇಲೆ ಫೈರ್ ಪೋಕ್ಮನ್ 60 ಡ್ಯಾಮೇಜ್‌ನ ದಾಳಿ ಮಾಡಿದರೆ ಅದು 120 ಆಗುತ್ತದೆ. ಆದರೆ ಕಾರ್ಡಿನಲ್ಲಿ 'ಆರು ಡ್ಯಾಮೇಜ್ ಕೌಂಟರ್ ಇಡಿ' ಎಂದಿದ್ದರೆ ಅದು 60 ಮಾತ್ರ, ದುಪ್ಪಟ್ಟು ಆಗುವುದಿಲ್ಲ. ಒಂದು ಕೌಂಟರ್ ಎಂದರೆ 10 ಡ್ಯಾಮೇಜ್ ಎಂಬುದು ನಿಜ. ಆದರೂ 'ಡ್ಯಾಮೇಜ್ ಮಾಡು' ಮತ್ತು 'ಕೌಂಟರ್ ಇಡು' ಬೇರೆ ಬೇರೆ ಕ್ರಿಯೆಗಳು. ಇದು ಗೊತ್ತಿಲ್ಲದವನ ಪೋಕ್ಮನ್ ಬದುಕಿರಬೇಕಾದ ಕಡೆ ಔಟ್ ಆಗುತ್ತದೆ.

ಇನ್ನೊಂದು ಸೂತ್ರವನ್ನು ಎಲ್ಲರೂ ತಿಳಿದಿರಬೇಕು. ಸಾಮಾನ್ಯ ನಿಯಮಕ್ಕೂ ಕಾರ್ಡಿನ ಮಾತಿಗೂ ವಿರೋಧ ಬಂದರೆ ಕಾರ್ಡಿನ ಮಾತೇ ಗೆಲ್ಲುತ್ತದೆ. ಯು-ಗಿ-ಓ ಕಾರ್ಡಿನಲ್ಲಂತೂ ಅರ್ಧವಿರಾಮ ಚಿಹ್ನೆಗೂ ಬೆಲೆಯಿದೆ. 2011ರಿಂದ ಬಂದ ಬರವಣಿಗೆಯ ಕ್ರಮದಲ್ಲಿ ಆ ಚಿಹ್ನೆಯ ಹಿಂದಿನದ್ದು ಕಾರ್ಡ್ ಬಳಸುವಾಗಲೇ ಮಾಡಬೇಕಾದ ಕೆಲಸ, ಮುಂದಿನದ್ದು ಅದರ ಫಲ. ವ್ಯಾಕರಣ ಯಾಕೆ ಎಂದು ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಗೊಂದಲದ ನಿಯಮ ಹೊಸ ವಿಷಯವೂ ಅಲ್ಲ, ಹೊರಗಿನದ್ದೂ ಅಲ್ಲ. ನಮ್ಮ ಮೈಸೂರಿನ ಗಂಜೀಫ ಎಲೆಗಳನ್ನೇ ನೋಡಿ. ದಶಾವತಾರ ಗಂಜೀಫದಲ್ಲಿ 10 ಪಂಗಡ, ಒಟ್ಟು 120 ಎಲೆ. ರಾಜ, ಮಂತ್ರಿಯ ನಂತರ ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದ ಅರ್ಧದಲ್ಲಿ ಒಂದು ದೊಡ್ಡದು! ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಎಲೆಯಾಟಗಳನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಸಿಟ್ಟರು. ಆಡುವವರು ವಿರಳವಾದರೂ ಆ ಆಟಗಳ ಬಗ್ಗೆ ಇಂದು ಮಾತಾಡಲು ಆಗುತ್ತಿರುವುದು ಯಾರೋ ಬರೆದಿಟ್ಟದ್ದರಿಂದ.

'ಆಟಕ್ಕೆ ಇಷ್ಟೊಂದು ಕಾನೂನು ಬೇಕಾ?' ಎಂದು ಕೆಲವರು ಕೇಳುತ್ತಾರೆ. ಆದಿ ಉಡುಪಿಯ ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ರೇಟು ಬದಲಿಸಿದರೆ ನಾವು ಒಪ್ಪುತ್ತೇವೆಯೇ? ಆಟದ ನಡುವೆ ನಿಯಮ ಹೇಳುವುದೂ ಹಾಗೆಯೇ. 'ಪರೀಕ್ಷೆ ಹತ್ತಿರ ಬಂತು, ಕಾರ್ಡ್ ಯಾಕೆ?' ಎಂಬ ಉಪನ್ಯಾಸಕರ ಮಾತು ನ್ಯಾಯವೇ. ಆದರೆ ಸಿಇಟಿ ಪ್ರಶ್ನೆಯಲ್ಲಿ 'ಸರಿಯಲ್ಲದ್ದು ಯಾವುದು' ಎಂಬುದನ್ನು 'ಸರಿಯಾದದ್ದು' ಎಂದು ಓದಿ ಅಂಕ ಕಳೆದುಕೊಳ್ಳುವವರು ನಾವೇ. ಒಂದೊಂದು ಪದವನ್ನೂ ನಿಧಾನವಾಗಿ ಓದುವ ಅಭ್ಯಾಸ ಎಲ್ಲಿಂದ ಬಂದರೂ ಒಳ್ಳೆಯದು.

ನನ್ನ ಸಲಹೆ ಸರಳ. ಆಡುವವರೆಲ್ಲ ಸೇರಿ ಒಂದು ಪುಟದ ನಿಯಮಪಟ್ಟಿಯನ್ನು ಕನ್ನಡದಲ್ಲಿ ಬರೆಯೋಣ. ತರಗತಿಯಲ್ಲಿ ಮೊಬೈಲ್ ತೆಗೆದು ಹುಡುಕಲು ಆಗುವುದಿಲ್ಲ, ಆದ್ದರಿಂದ ಕಾಗದವೇ ಬೇಕು. ಕಾರ್ಡ್ ಇಡುವವನು ಅದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಲಿ. ಅನುಮಾನ ಬಂದರೆ ಆಡದೆ ಇರುವ ಮೂರನೆಯವರು ತೀರ್ಮಾನಿಸಲಿ, ಸೀನಿಯರ್ ಆಗಲಿ ಕಾರ್ಡಿನ ಯಜಮಾನನಾಗಲಿ ಅಲ್ಲ. ಮನೆಗೆ ಹೋಗಿ ಅಧಿಕೃತ ನಿಯಮಪುಸ್ತಕ ನೋಡಿ, ಸರಿ ಉತ್ತರವನ್ನು ಮರುದಿನ ಪಟ್ಟಿಗೆ ಸೇರಿಸಲಿ.

ಪಟ್ಟಿಯ ಮೊದಲ ಸಾಲು ಮಾತ್ರ ಇದೇ ಆಗಿರಲಿ: ಸೋತವನ ಕಾರ್ಡ್ ಗೆದ್ದವನಿಗೆ ಇಲ್ಲ. 1993ರಲ್ಲಿ ಬಂದ ಮ್ಯಾಜಿಕ್ ಆಟದಲ್ಲಿ ಹಾಗೆ ಪಣಕ್ಕೆ ಕಾರ್ಡ್ ಇಡುವ ನಿಯಮವಿತ್ತು, ಆಮೇಲೆ ಅವರೇ ಅದನ್ನು ಕೈಬಿಟ್ಟರು. ಪಣವಿಟ್ಟರೆ ಅದು ಜೂಜು. ನಮಗೆ ಬೇಕಾಗಿರುವುದು ಆಟ, ಅದೂ ಎಲ್ಲರೂ ಕುಳಿತು ಆಡಬಹುದಾದ ಆಟ.